ನಾಲ್ಕು ತಾಲೂಕಿಗೆ ಒಂದೇ ಪುಸ್ತಕ

ಬೇರೆಯವರ ಮನೆಯಲ್ಲಿ ಗಂಡಸರಿಗೆ ಇಸ್ಪೀಟಿನ ಹುಚ್ಚಿರುತ್ತದೆ, ಇಲ್ಲವೇ ನಾಟಕದ್ದು. ನಮ್ಮ ಮನೆಯವರಿಗೆ ಹಳೆಯ ಚಿತ್ರಕಥೆ ಪುಸ್ತಕಗಳದ್ದು. ಹೀಗಾಗಿ ನಮ್ಮಲ್ಲಿ ನಗುವಂಥ ಪ್ರಸಂಗಗಳಿಗೆ ಬರವಿಲ್ಲ. ನಡೆಯುವ ಹೊತ್ತಿಗೆ ನನಗೊಬ್ಬಳಿಗೆ ನಗು ಬರುವುದಿಲ್ಲ, ಅಷ್ಟೇ.

ವೀರಭದ್ರ ದೇವರು

ಇವರು ಸವಣೂರಿನಲ್ಲಿ ದಲ್ಲಾಳಿ ವ್ಯಾಪಾರದ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರು. ಮಾಲಿನ ಕೆಲಸಕ್ಕೆ ಶಿಗ್ಗಾಂವಿಗೆ, ಹಿರೇಕೆರೂರಿಗೆ ಓಡಾಡುತ್ತಾರೆ. ಹೋದಲ್ಲೆಲ್ಲ ರದ್ದಿ ಅಂಗಡಿ ಹೊಕ್ಕು, ಮೂಗಿಗೆ ವಸ್ತ್ರ ಕಟ್ಟಿಕೊಂಡು ಚಿತ್ರದ ಪುಸ್ತಕ ಹುಡುಕುತ್ತಾರೆ. ಅವರ ಜೀವವೆಲ್ಲ ಇರುವುದು ಒಂದು ಕಾಡಿನ ಕಥೆಯಲ್ಲಿ. ಯುದ್ಧದ ಕಾಲಕ್ಕೆ ಅಚ್ಚಾದದ್ದು, ಮೂರು ಭಾಗ. ಒಂದನೆಯದೂ ಮೂರನೆಯದೂ ನಮ್ಮ ಟ್ರಂಕಿನಲ್ಲಿವೆ. ಎರಡನೆಯದು ಇಲ್ಲ. ಒಂದನೆಯ ಭಾಗದ ಕೊನೆಯ ಪುಟದಲ್ಲಿ ಮುಂದಿನ ಭಾಗದ ಮುಖಪುಟವನ್ನು ಸಣ್ಣದಾಗಿ ಹಾಕಿದ್ದಾರೆ: ಬೆನ್ನ ಮೇಲೆ ಜೂಲು ಬಟ್ಟೆ ಹೊದ್ದ ಆನೆಯೊಂದು ಸೊಂಡಿಲಿನಲ್ಲಿ ಹುಡುಗನನ್ನು ಎತ್ತಿ ಹಿಡಿದಿದೆ. ಮೂರನೆಯದು ತೆರೆದರೆ ಅದೇ ಹುಡುಗ ರಾಜನಾಗಿ ಕೂತಿದ್ದಾನೆ. ನಡುವೆ ಏನಾಯಿತೆಂಬುದು ತಿಳಿಯದೆ ಇವರಿಗೆ ಊಟ ಸೇರುವುದಿಲ್ಲ. ಆನೆ ಕೆಳಗೆ ಇಳಿಸಿರಬೇಕು ಎಂದು ನಾನು ಒಮ್ಮೆ ಹೇಳಿದ್ದಕ್ಕೆ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದರು.

ಆ ಟ್ರಂಕಿಗೆ ಮನೆಯಲ್ಲಿ ಯಾರೂ ಕೈ ಹಚ್ಚುವಂತಿಲ್ಲ. ಆದರೆ ಮಹಾನವಮಿಗೆ ಪುಸ್ತಕ ಪೂಜೆಗಿಡಬೇಕಲ್ಲ ಎಂದು ನಮ್ಮ ಅತ್ತೆಯವರು ಕೀಲಿ ತೆಗೆದರು. ಮೊದಲ ಭಾಗದ ಮುಖಪುಟದಲ್ಲಿ ದೊಡ್ಡ ಮೀಸೆ, ಕೆಂಪು ಕಣ್ಣು, ಕೈಯಲ್ಲಿ ಕತ್ತಿ. ವೀರಭದ್ರ ದೇವರೆಂದು ತಿಳಿದು ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದರು, ಕಾಯಿ ಒಡೆದು ನೀರು ಚಿಮುಕಿಸಿದರು. ಇವರು ಬಂದವರು ತಲೆ ಹಿಡಿದು ಕೂತರು. ಅದು ದೇವರಲ್ಲ, ಕಾಡಿನ ಡಕಾಯಿತ ಎಂದರು. ಅತ್ತೆಯವರು ಸ್ವಲ್ಪವೂ ಅಳುಕಲಿಲ್ಲ.

"ಡಕಾಯಿತನ್ನ ಮತ್ತ ರೇಶ್ಮಿ ವಸ್ತ್ರದಾಗ ಸುತ್ತಿ, ದಿನಾ ಬೆಳಿಗ್ಗೆ ಎದ್ದು ಯಾಕ ನೋಡ್ತಿದ್ದಿ?"

ಇಲ್ಲ ಅಂದವರು

ಒಂದು ಪುಸ್ತಕ ಎಷ್ಟು ಅಪರೂಪದ್ದು ಎಂದು ಅಳೆಯಲು ಇವರಿಗೆ ಒಂದು ಪದ್ಧತಿಯಿದೆ. ಮನೆಮನೆಗೆ ಹೋಗಿ, ನಿಮ್ಮಲ್ಲಿದೆಯೇ ಎಂದು ಕೇಳುವುದು. ಎಷ್ಟು ಜನ ಇಲ್ಲ ಎನ್ನುತ್ತಾರೋ ಅಷ್ಟು ಅಪರೂಪ. ಎರಡನೆಯ ಭಾಗಕ್ಕಾಗಿ ಇಡೀ ಓಣಿ ತಿರುಗಿದರು. ಮಗ್ಗುಲಿನ ಮಾಸ್ತರರು ತಮ್ಮ ಹೆಂಡತಿಯನ್ನು ಕೇಳಿ ಇಲ್ಲ ಎಂದರು. ಅಕ್ಕಸಾಲಿ ಪತ್ತಾರರು ಇಲ್ಲ ಎಂದರು. ಎಣ್ಣೆ ಗಾಣದವರು ಕೇಳುವ ಮೊದಲೇ ಇಲ್ಲ ಎಂದರು. ಇವರು ಮೆಟ್ರಿಕ್ ಪಾಸಾದವರ ಮುಖ ಹೊತ್ತು ಮನೆಗೆ ಬಂದರು. ಓಣಿಗೇ ಒಂದಿಲ್ಲವಂತೆ.

ಅಲ್ಲ, ನಮ್ಮ ಓಣಿಯಲ್ಲಿ ಯಾವ ವಸ್ತುವನ್ನು ಯಾರು ಇದೆ ಎಂದಿದ್ದಾರೆ? ಹಾಲಿಗೆ ಹೆಪ್ಪು ಕೇಳಿದರೆ ಇಲ್ಲ. ಏಣಿ ಕೇಳಿದರೆ ಇಲ್ಲ, ಅದೂ ಏಣಿಗೆ ಆತು ನಿಂತುಕೊಂಡು. ಇದೆ ಎಂದರೆ ಕೊಡಬೇಕಾಗುತ್ತದೆ. ಈ ಲೆಕ್ಕದಲ್ಲಿ ಸವಣೂರಿನಲ್ಲಿ ಮೊಸರಿಗಿಂತ ಅಪರೂಪದ್ದು ಯಾವುದೂ ಇಲ್ಲ. ಇದನ್ನು ಬಿಡಿಸಿ ಹೇಳಿದೆ. ಹೆಂಗಸರಿಗೆ ಇಂಥದ್ದು ತಿಳಿಯುವುದಿಲ್ಲ ಎಂದರು.

"ನಿಮ್ಮನಿಯಾಗ ಬುದ್ಧಿ ಐತೇನ್ರಿ ಅಂತ ಕೇಳಿ ಬರ್ರಿ," ಎಂದೆ. "ಅದನ್ನೂ ಕೊಡಬೇಕಾದೀತಂತ ಇಲ್ಲ ಅಂತಾರ."

ಕೂಸಿನ ಹಾಲು

ಹಿರೇಕೆರೂರಿನಲ್ಲಿ ಒಬ್ಬ ಹತ್ತಿ ಸಾವಕಾರರಿದ್ದಾರೆ. ಅವರಿಗೂ ಇದೇ ಹುಚ್ಚು. ಹತ್ತಿಯ ಎಳೆ ಜಗ್ಗಿ ನೋಡುವ ಹಾಗೆ ಪುಸ್ತಕದ ಅಂಚನ್ನು ಎರಡು ಬೆರಳಿನಲ್ಲಿ ತಿಕ್ಕಿ ನೋಡುತ್ತಾರೆ, ಆಮೇಲೆ ಮೂಸುತ್ತಾರೆ, ಆಮೇಲೆ ಕಣ್ಣು ಮುಚ್ಚುತ್ತಾರೆ. ಓದಿದ್ದನ್ನು ಮಾತ್ರ ಯಾರೂ ಕಂಡಿಲ್ಲ. ಒಂದು ದಿನ ನಮ್ಮ ಮನೆಗೆ ಬಂದು ನಮ್ಮ ಡಕಾಯಿತನನ್ನು ಹೀಗೇ ಪರೀಕ್ಷೆ ಮಾಡಿ, ವಿಭೂತಿ ಬಿದ್ದು ಇದರ ಜೀವ ಹೋಗಿದೆ ಎಂದರು. ಎರಡನೆಯ ಭಾಗ ತಮ್ಮಲ್ಲಿದೆ, ಹಾನಗಲ್ಲು, ಶಿಗ್ಗಾಂವ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕಿಗೆ ಅದೊಂದೇ ಎಂದೂ ಹೇಳಿದರು. ಯುದ್ಧದ ಕಾಲಕ್ಕೆ ಕಾಗದವೇ ಇರಲಿಲ್ಲವಂತೆ, ಬೆರಳೆಣಿಕೆಯಷ್ಟೇ ಛಾಪಿಸಿದ್ದಂತೆ.

ಅಷ್ಟರಲ್ಲಿ ನಾನು ಚಹಾ ಕೊಟ್ಟೆ. ತಪ್ಪು ಅಲ್ಲಿ ಆಯಿತು. ಹಾಲು ಗಟ್ಟಿಯಿತ್ತು. ಸಾವಕಾರರು ಎದ್ದು ಹೋಗಿ ಕೊಟ್ಟಿಗೆಯಲ್ಲಿದ್ದ ನಮ್ಮ ಎಮ್ಮೆಯನ್ನು ನೋಡಿ ಬಂದರು. ಪುಸ್ತಕ ಬೇಕಾದರೆ ಎಮ್ಮೆ ಕೊಡಿ ಎಂದರು. ಇವರು ಹೂಂ ಎಂದುಬಿಟ್ಟರು. ಸಂತೆಯ ದಿನ ಪುಸ್ತಕ ತಂದು ಎಮ್ಮೆ ಹೊಡೆದುಕೊಂಡು ಹೋಗುವುದೆಂದು ಮಾತಾಯಿತು.

ಆ ಎಮ್ಮೆ ಇವರದಲ್ಲ. ನನಗೆ ಎದೆಹಾಲು ಸಾಲದೆಂದು, ಬಾಣಂತನ ಮುಗಿಸಿ ಬರುವಾಗ ಕೂಸಿಗಾಗಿ ಹಾನಗಲ್ಲಿನ ನಮ್ಮಪ್ಪ ಹೊಡೆದು ಕಳಿಸಿದ್ದು. ಕೂಸು ಏನು ಕುಡಿಯಬೇಕು ಎಂದು ಕೇಳಿದೆ. ಇವರು ತಿಳಿಸಿ ಹೇಳುವ ದನಿಯಲ್ಲಿ, "ಎಮ್ಮಿ ಯಾವ ಸಂತಿಗೆ ಹೋದ್ರೂ ಸಿಗತೈತಿ. ಈ ಪುಸ್ತಕ ನಾಲ್ಕು ತಾಲೂಕಿಗೆ ಒಂದ ಐತಿ," ಎಂದರು.

"ಈ ಕೂಸೂ ನಾಲ್ಕು ತಾಲೂಕಿಗೆ ಒಂದ ಐತ್ರಿ," ಎಂದೆ.

ದಿಂಬಿನ ಮೇಲಿನ ಆನೆ

ಸಂತೆಗೆ ಇನ್ನೆರಡು ದಿನವಿತ್ತು. ಕೂಸಿಗೆ ಹೊಟ್ಟೆನೋವೆಂದು ಓಂಕಾಳು ಕೇಳಲು ಮಾಸ್ತರರ ಮನೆಗೆ ಹೋದೆ. ಮೊದಲು ಇಲ್ಲ ಎಂದು, ಆಮೇಲೆ ಹುಡುಕಲು ಒಳಗೆ ಹೋದರು ಮಾಸ್ತರರ ಹೆಂಡತಿ. ಕೂಸನ್ನು ಅವರ ಹಾಸಿಗೆಯ ಮೇಲೆ ಹಾಕಿದೆ. ದಿಂಬಿನ ಚೀಲದ ಮೇಲೆ ಹಸಿರು ದಾರದಲ್ಲಿ ಜೂಲು ಹೊದ್ದ ಆನೆ, ಸೊಂಡಿಲಿನಲ್ಲಿ ಹುಡುಗ. ನಕ್ಷೆ ಎಲ್ಲಿಂದ ತೆಗೆದಿರಿ ಎಂದು ಕೇಳಿದೆ.

"ಕಣ್ಣಂದಾಜಿನ್ಯಾಗ ತಗದೇನಿ, ತಂಗಿ," ಎಂದರು.

ಪತ್ತಾರರ ಮನೆಗೆ ಹೋದೆ. ಬಾಗಿಲ ಪರದೆಯ ಮೇಲೆ ಅದೇ ಆನೆ, ಕೆಂಪು ದಾರದಲ್ಲಿ. ಗಾಣದವರ ದಿಂಬಿನ ಮೇಲೆ ನೀಲಿ ದಾರದಲ್ಲಿ. ಎಲ್ಲರದೂ ಕಣ್ಣಂದಾಜು. ಮೂರು ಮನೆಯ ಕಣ್ಣಂದಾಜಿನಲ್ಲೂ ಆನೆಯ ಬಾಲಕ್ಕೆ ಅದೇ ಒಂದು ಗಂಟು. ನಮ್ಮ ಓಣಿಯ ಹೆಂಗಸರು ಬಂಗಾರವನ್ನಾದರೂ ತೋರಿಸಿಯಾರು, ಕಸೂತಿಯ ನಕ್ಷೆ ತೋರಿಸುವುದಿಲ್ಲ. ತೋರಿಸಿದರೆ ಮರುದಿನ ಎದುರುಮನೆಯ ದಿಂಬಿನ ಮೇಲೆ ಅದು ಮೂಡುತ್ತದೆ. ಹೀಗಾಗಿ ಮನೆಮನೆಯಲ್ಲೂ ಆ ಎರಡನೆಯ ಭಾಗ ಸೀರೆಗಳ ಅಡಿಗೆ ಸೇರಿತ್ತು, ಗಂಡಂದಿರು ಕೇಳಿದರೂ ಇಲ್ಲ.

ನಾಲ್ಕು ತಾಲೂಕು ಹುಡುಕಿ ನಮ್ಮ ಮನೆಯವರಿಗೆ ಸಿಗದ ಆನೆಯ ಮೇಲೆ ಓಣಿಯ ಗಂಡಸರೆಲ್ಲ ದಿನಾ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು.

ಬಿಸಿಲಿಗೆ ಹಿಡಿದದ್ದು

ಪುಸ್ತಕ ಕೊಡಿ ಎಂದು ಕೇಳಿದರೆ ಏನು ಉತ್ತರ ಬರುತ್ತದೆಂಬುದು ಗೊತ್ತಿತ್ತು. ಆದ್ದರಿಂದ ಕೇಳಲಿಲ್ಲ. ಬಾವಿಕಟ್ಟೆಯ ಮೇಲೆ ಕೊಡ ಇಳಿಸಿ, ಯಾರಿಗೂ ಅಲ್ಲವೆಂಬಂತೆ ಒಂದು ಮಾತು ಬಿಟ್ಟೆ. ಹಿರೇಕೆರೂರಿನ ಸಾವಕಾರರ ಹೆಂಡತಿಯ ಬಳಿ ಆನೆಯ ನಕ್ಷೆಯ ಪುಸ್ತಕವಿದೆಯಂತೆ. ಸವಣೂರಿನವರಿಗೆ ಪುಸ್ತಕದ ಗತಿಯಿಲ್ಲ, ಕಣ್ಣಂದಾಜಿನಲ್ಲಿ ತೆಗೆಯುತ್ತಾರೆ, ಅದಕ್ಕೇ ಅವರ ಆನೆಗಳು ಹಂದಿಯ ಹಾಗೆ ಕಾಣುತ್ತವೆ ಎಂದು ಆಕೆ ಆಡಿಕೊಳ್ಳುತ್ತಾಳಂತೆ. ಆ ಹೆಂಗಸನ್ನು ನಾನು ಕಂಡವಳೂ ಅಲ್ಲ. ಸಾವಕಾರರು ಸಂತೆಯ ದಿನ ನಮ್ಮ ಮನೆಗೆ ಬರುತ್ತಾರೆಂದೂ ಸೇರಿಸಿದೆ. ಸುತ್ತಲಿನ ಕೊಡಗಳು ಜೋರಾಗಿ ಕೆಳಗೆ ಕೂತವು.

ಸಂತೆಯ ದಿನ ಸಾವಕಾರರು ಬಂದರು, ಹಿಂದೆಯೇ ಓಣಿಯ ಹೆಂಗಸರೂ. ಇವರು ಎಮ್ಮೆ ಬಿಚ್ಚಿ, ಹಗ್ಗ ಹಿಡಿದು ಅಂಗಳದಲ್ಲಿ ತಯಾರಾಗಿ ನಿಂತಿದ್ದರು. ರೇಶ್ಮೆ ವಸ್ತ್ರ ಬಿಚ್ಚಿ ಸಾವಕಾರರು ಪುಸ್ತಕ ಹೊರತೆಗೆದದ್ದೇ ತಡ, ಮಾಸ್ತರರ ಹೆಂಡತಿ ಸೆರಗಿನ ಅಡಿಯಿಂದ ಅಂಥದೇ ಒಂದು ತೆಗೆದು ಮನೆಯ ಕಟ್ಟೆಯ ಮೇಲೆ ಇಟ್ಟರು. ಹಿಂದೆಯೇ ಪತ್ತಾರರ ಮನೆಯದು, ಗಾಣದವರ ಮನೆಯದು.

"ನಿಮ್ಮ ಮನಿಯವ್ರಿಗೆ ಹೇಳ್ರಿ ಸಾವಕಾರ್ರ," ಎಂದರು ಮಾಸ್ತರರ ಹೆಂಡತಿ, "ನಮ್ಮ ಆನಿ ಪುಸ್ತಕದ್ದ ಐತಿ."

ಸಾವಕಾರರು ಆ ಮೂರನ್ನೂ ಕೈಗೆತ್ತಿಕೊಂಡರು. ಒಂದೊಂದನ್ನೇ ತಿಕ್ಕಿದರು, ಮೂಸಿದರು. ಕೊನೆಗೆ ಮುಖಪುಟಗಳನ್ನು ಬಿಸಿಲಿಗೆ ಎತ್ತಿ ಹಿಡಿದರು. ಆನೆಯ ಗೆರೆಯುದ್ದಕ್ಕೂ ಬೆಳಕು ಬಂತು. ನಕ್ಷೆ ಇಳಿಸುವಾಗ ಗೆರೆಗುಂಟ ಸೂಜಿ ಚುಚ್ಚಿ, ಅದರ ಮೇಲೆ ನೀಲಿಪುಡಿ ತಿಕ್ಕಿ ಬಟ್ಟೆಗೆ ಗುರುತು ಮಾಡುತ್ತೇವಲ್ಲ, ಆ ತೂತುಗಳು. ಸಾವಕಾರರ ಮುಖ ಅರಳಿತು. ಇವೆಲ್ಲ ಜರಡಿಯಾಗಿವೆ, ಸೂಜಿ ಮುಟ್ಟದ್ದು ತಮ್ಮದೊಂದೇ, ಹಾಗೆ ನೋಡಿದರೆ ಅದು ಇನ್ನೂ ಅಪರೂಪವಾಯಿತು ಎಂದರು. ಇವರು ಹೌದೆಂದು ಗೋಣು ಹಾಕಿ ಹಗ್ಗವನ್ನು ಅವರ ಕೈಗೆ ಕೊಟ್ಟೇಬಿಟ್ಟರು.

ಬಗಲಲ್ಲಿ ಕೂಸು. ನಾನು ಮುಂದೆ ಬಂದು, "ನಿಮ್ಮದನ್ನೂ ಒಂದೀಟು ಬಿಸಲಿಗೆ ಹಿಡೀರಿ, ನೋಡೂಣು," ಎಂದೆ.

ಸಾವಕಾರರು ನಗುತ್ತ ಎತ್ತಿದರು. ಆನೆ ಸೊಂಡಿಲಿನಿಂದ ಬಾಲದ ಗಂಟಿನವರೆಗೆ ಚುಕ್ಕಿ ಚುಕ್ಕಿಯಾಗಿ ಬೆಳಗಿತು. ಅವರ ಹೆಬ್ಬೆರಳಿಗೆ ಒಂದಿಷ್ಟು ನೀಲಿಪುಡಿಯೂ ಹತ್ತಿತು. ನಾನು ಬಾವಿಕಟ್ಟೆಯಲ್ಲಿ ಹೇಳಿದ ಸುಳ್ಳಿನಲ್ಲಿ ಅರ್ಧ ನಿಜವಿತ್ತು.

ಬಸ್ಸಿನ ಹೊತ್ತಾಯಿತೆಂದು ಸಾವಕಾರರು ಚಹಾ ಕುಡಿಯದೆ ಹೋದರು. ನಾನು ಎಮ್ಮೆಯನ್ನು ಕೊಟ್ಟಿಗೆಗೆ ಕಟ್ಟಿ ಬಂದೆ. ಅಷ್ಟರಲ್ಲಿ ಇವರು ಮಾಸ್ತರರ ಮನೆಯ ಪುಸ್ತಕವನ್ನು ನಿಂತಲ್ಲೇ ಓದಿ ಮುಗಿಸಿದ್ದರು. ಇನ್ನಾದರೂ ಹುಚ್ಚು ಇಳಿಯಿತು ಎಂದುಕೊಂಡೆ. ಇವರು ಮುಖಪುಟವನ್ನು ಇನ್ನೊಮ್ಮೆ ಬಿಸಿಲಿಗೆ ಹಿಡಿದು ನೋಡಿ, ಮೆಲ್ಲಗೆ ನನ್ನ ಹತ್ತಿರ ಬಂದರು.

"ಇಷ್ಟೂ ಪುಸ್ತಕಕ್ಕ ತೂತು ಬಿದ್ದಾವಂದ್ರ, ತೂತಿಲ್ಲದ್ದು ಎಲ್ಲೆರ ಒಂದಿದ್ರ ಅದು ಎಷ್ಟು ಅಪರೂಪ ಇರಬೇಕು," ಎಂದು, ಕೊಟ್ಟಿಗೆಯ ಕಡೆ ನೋಡಿದರು.