ಚಿಂತಾಮಣಿಗೆ ಬಂದ ಮುಳುಗುವ ಯಂತ್ರ

ಹೆಂಡತಿಗೆ ನಿಜ ಹೇಳಿ ಕೆಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಸುಳ್ಳು ಹೇಳಿ ಕೆಟ್ಟವನು, ನನಗೆ ತಿಳಿದಂತೆ, ಚಿಂತಾಮಣಿ ತಾಲ್ಲೂಕಿನಲ್ಲಿ ನಾನೊಬ್ಬನೇ. ಆ ಆಘಾತದಿಂದ ನನ್ನ ನಾಲಿಗೆ ಇನ್ನೂ ಚೇತರಿಸಿಕೊಂಡಿಲ್ಲ. (ನಾಲಿಗೆ ಎಂದು ಬೇಕೆಂದೇ ಬರೆದೆ.)

ನನ್ನದು ಹಳೇ ಪಂಪು, ವಾಲ್ವು, ಗೇಜುಗಳ ವ್ಯಾಪಾರ. ಅಂಗಡಿಯಲ್ಲಿ ಜಾಗ ಸಿಗದ ಮಾಲು ನಮ್ಮ ನಡುಮನೆಗೆ ಬರುತ್ತದೆ. ಅದನ್ನು ನಾನು ಸಂಗ್ರಹ ಎನ್ನುತ್ತೇನೆ, ನನ್ನ ಧರ್ಮಪತ್ನಿ ವೆಂಕಟರತ್ನಮ್ಮ ಗುಜರಿ ಎನ್ನುತ್ತಾಳೆ. ಯುಗಾದಿ ಹತ್ತಿರ ಬಂದಾಗ ಆಕೆ ರಾಜಶಾಸನ ಹೊರಡಿಸಿದಳು.

“ನೋಡ್ರೀ, ಈ ರಾಶೀಲಿ ಒಂದೇ ಒಂದು ಸಾಮಾನನ್ನ ಬುದ್ಧಿ ಇರೋ ಮನುಷ್ಯ ಕೊಂಡ್ಕೊಂಡು ಹೋಗ್ಲಿ, ಆಮೇಲೆ ನಾನು ಬಾಯಿ ಬಿಡಲ್ಲ. ಹಬ್ಬದೊಳಗೆ ಹೋಗ್ಲಿಲ್ವಾ, ಎಲ್ಲಾ ಗುಜರಿಯೋನ ತಕ್ಕಡಿ ಗಾಡಿಗೆ!”

“ಬುದ್ಧಿ ಇರೋನು ಅಂತ ತೀರ್ಮಾನ ಮಾಡೋದು ಯಾರು?”

“ನೀವಂತೂ ಅಲ್ಲ.”

ಅದೇ ವಾರ ಗೌರಿಬಿದನೂರಿನ ಕಡೆ ಬಾಗಿಲು ಹಾಕಿದ ಒಂದು ಕಾರ್ಖಾನೆಯ ಗುಜರಿ ಮೂಟೆಯಲ್ಲಿ ಅದು ಸಿಕ್ಕಿತು. ಒಬ್ಬಟ್ಟಿನಗಲದ ಹಿತ್ತಾಳೆ ಡಬ್ಬಿ. ಅದರ ಎರಡು ಕಡೆಯಿಂದ ರೇಷ್ಮೆಹುಳುವಿನ ಮೈಯಂತೆ ಉಂಗುರ ಉಂಗುರದ ಕರಿ ರಬ್ಬರ್ ಕೊಳವೆಗಳು. ಅವೆರಡೂ ಸೇರುವಲ್ಲಿ ಹಲ್ಲಿನಲ್ಲಿ ಕಚ್ಚುವ ಬಾಯಿತುಂಡು. ಹುಕ್ಕಾ ಎಂದರು ಒಬ್ಬರು. ಆನೆಯ ಎದೆಬಡಿತ ನೋಡುವ ಸ್ಟೆತಾಸ್ಕೋಪು ಎಂದರು ಇನ್ನೊಬ್ಬರು. ನಾನು ಫೋಟೋ ತೆಗೆದು ಮೊಬೈಲಿನಲ್ಲಿ ಹುಡುಕಿದೆ. ಬಂದ ಉತ್ತರ ನೋಡಿ ಗಲ್ಲಾ ಮೇಲಿಂದ ಬೀಳುವುದೊಂದು ಬಾಕಿ!

ಅದು ಸಮುದ್ರದ ತಳದಲ್ಲಿ ಉಸಿರಾಡಿಸುವ ಸ್ಕೂಬಾ ರೆಗ್ಯುಲೇಟರು. ಈಗಿನವಕ್ಕೆ ಬಾಯಿಗೆ ಬರುವುದು ಒಂದೇ ಸಣ್ಣ ಕೊಳವೆ, ಎರಡು ದಪ್ಪ ಕೊಳವೆ ಇದ್ದರೆ ತಾತನ ಕಾಲದ್ದು. ಅಸಲಿಯಾದರೆ ಮೇಲಿನ ಮಿರುಗು ಲೇಪ ಕಿತ್ತಲ್ಲಿ ಹಿತ್ತಾಳೆ ಕಾಣಬೇಕು, ತಗಡಿನ ಪಟ್ಟಿ ಇರಬೇಕು, ಅದರ ಮೇಲೆ ನಂಬರು ಕೊರೆದಿರಬೇಕು. ಎಲ್ಲವೂ ಇತ್ತು. ಇಂಥದ್ದಕ್ಕಾಗಿ ಜಗತ್ತಿನಲ್ಲಿ ಜನ ಕಣ್ಣೀರು ಹಾಕುತ್ತಾರಂತೆ. ಇದು ಬಂದು ಸೇರಿದ್ದು ಮಾತ್ರ ಮೂರು ಮಳೆ ಸರಿಯಾಗಿ ಬಿದ್ದರೆ ಕೆರೆಗೆ ಪೂಜೆ ಮಾಡುವ ಊರಿಗೆ.

ಶುಶ್ರೂಷೆ ಶುರುಮಾಡಿದೆ. ಹಸಿರು ಕಿಲುಬು ಬಿಡಿಸಲು ವಿನೆಗರ್ ಬೆರೆಸಿದ ನೀರಿನ ಸ್ನಾನ, ಆಮೇಲೆ ಬರೀ ನೀರಿನದು, ಆಮೇಲೆ ನೆರಳಿನಲ್ಲಿ ಒಣಗುವುದು. ಡಬ್ಬಿಯೊಳಗೆ ಹಾಲಿನ ಕೆನೆಯಂಥ ಒಂದು ರಬ್ಬರ್ ಪೊರೆ, ಅದನ್ನು ಉಗುರು ತಾಕದಂತೆ ಎತ್ತಿ ಒರೆಸಿದೆ. ಎಲ್ಲಕ್ಕಿಂತ ದೊಡ್ಡ ನಿಯಮ: ಎಣ್ಣೆ, ಬೆಣ್ಣೆ, ಜಿಡ್ಡು ಯಾವುದೂ ಸೋಕಬಾರದು. ಮುಳುಗುವವನ ಬೆನ್ನಿನ ಸಿಲಿಂಡರಿನ ಗಾಳಿ ಒತ್ತಡದಲ್ಲಿ ನುಗ್ಗುವಾಗ ಜಿಡ್ಡಿದ್ದರೆ ಬೆಂಕಿ ಹೊತ್ತಬಹುದಂತೆ. (ಅಂದಿನಿಂದ ವಡೆ ತಿಂದ ಕೈಯನ್ನು ನಾನು ಎರಡೆರಡು ಸಲ ತೊಳೆಯುತ್ತಿದ್ದೆ.)

“ಏನ್ರೀ ಅದು?” ಎಂದಳು ರತ್ನಮ್ಮ.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಗಿರಾಕಿ ಬಂದು ಕೂರುವವರೆಗೆ ಮಾಲಿನ ನಿಜವಾದ ಹೆಸರನ್ನು ಹೆಂಡತಿಗೂ ಹೇಳಕೂಡದು. ಹೇಳಿದರೆ ಸಂಜೆಗೆ ಶಿಡ್ಲಘಟ್ಟದ ಅವಳ ತವರಿಗೆ, ಬೆಳಗಾಗುವುದರೊಳಗೆ ಇಡೀ ಜಿಲ್ಲೆಗೆ ಗೊತ್ತಾಗುತ್ತದೆ. ಹಿತ್ತಲಿನಲ್ಲಿ ಅವಳು ಮಿಷನ್ನಿನಲ್ಲಿ ಹಾಲು ಕರೆಯುವ ಎರಡು ಸೀಮೆಹಸುಗಳು ಅಂಬಾ ಎಂದವು. ನನ್ನ ಬಾಯಿಗೆ ತಕ್ಷಣ ಸುಳ್ಳು ಬಂತು.

“ಹಾಲು ಕರೆಯೋ ಮಿಷನ್ನಿಂದು ಕಣೇ. ಫಾರಿನ್ ಪೈಪು.”

“ಓಹೋ!” ಎಂದಳು. ಮದುವೆಯಾದಾಗಿನಿಂದ ನನ್ನ ಮಾಲನ್ನು ಅವಳು ಗೌರವದಿಂದ ನೋಡಿದ್ದು ಅದೇ ಮೊದಲು. ನಾನು ಉಬ್ಬಿಹೋದೆ.

ಗಿರಾಕಿಯೂ ಸಿಕ್ಕರು. ಮಧುಸೂದನ್ ಎಂದು, ನೌಕಾಪಡೆಯಲ್ಲಿ ಮುಳುಗುವ ಕೆಲಸ ಮಾಡಿ ನಿವೃತ್ತರಾಗಿ, ಸ್ಕಂದಗಿರಿ ತಪ್ಪಲಿನಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದವರು. ಮನೆಯಲ್ಲಿ ಗಾಜಿನ ಬೀರು ಕಟ್ಟಿಸಿಟ್ಟು ಇಂಥದ್ದೊಂದಕ್ಕೆ ಕಾಯುತ್ತಿದ್ದರಂತೆ. ಹಬ್ಬದ ಹಿಂದಿನ ದಿನ ಬರುತ್ತೇನೆಂದರು. ಅದಕ್ಕೆ ಸುತ್ತಲು ಒಂದು ಗಜ ರೇಷ್ಮೆ ತಂದು ಸಿದ್ಧವಾಗಿಟ್ಟುಕೊಂಡೆ.

ಬಂದರು. ರೇಷ್ಮೆ ಬಿಚ್ಚಿದೆ. ದೊಡ್ಡ ಮನುಷ್ಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಬಾಗಿಲಲ್ಲಿ ನಿಂತಿದ್ದ ರತ್ನಮ್ಮನ ಕಡೆ ನೋಡಿದೆ, ಬುದ್ಧಿ ಇರುವ ಮನುಷ್ಯ ಹೇಗಿರುತ್ತಾನೆ ನೋಡು ಎಂಬಂತೆ.

“ಜಿಡ್ಡೇನಾದ್ರೂ ಹಾಕಿದೀರಾ?” ಎಂದರು.

“ಜಿಡ್ಡಾ! ನಮ್ಮನೆ ದೇವರಾಣೆ ಸಾರ್, ಜಿಡ್ಡಿನ ಗಾಳಿ ಕೂಡ ಸೋಕಿಲ್ಲ.”

“ಪೊರೆ ಗಾಳಿ ಹೋಲ್ಡ್ ಮಾಡುತ್ತಾ?”

ಇದಕ್ಕೊಂದು ಪರೀಕ್ಷೆ ಇದೆ. ಗಾಳಿ ಬರುವ ದ್ವಾರಕ್ಕೆ ಮುಚ್ಚಳ ಬಿಗಿದು, ಬಾಯಿತುಂಡು ಕಚ್ಚಿ, ಉಸಿರೆಳೆಯಬೇಕು. ಉಸಿರು ಸಿಕ್ಕಬಾರದು. ಸಿಕ್ಕರೆ ಎಲ್ಲೋ ತೂತು. ಅವರು ಕೈ ಚಾಚಿದರು.

“ನೀವ್ಯಾಕೆ ಸಾರ್? ನಾನಿದೀನಿ,” ಎಂದು ಕೊಳವೆಗಳನ್ನು ಹೆಗಲ ಮೇಲೆ ಮಾಲೆಯಂತೆ ಎತ್ತಿ ಹಾಕಿಕೊಂಡು ಬಾಯಿತುಂಡು ಕಚ್ಚಿದೆ. ಸ್ವಲ್ಪ ಹುಳಿ ವಾಸನೆ ಬಂತು. ವಿನೆಗರ್ ಇರಬೇಕು ಎಂದುಕೊಂಡೆ. ಎದೆ ತುಂಬ ಎಳೆದೆ.

ಉಸಿರು ಬರಲಿಲ್ಲ. ಪರೀಕ್ಷೆ ಪಾಸು! ಆದರೆ ಬೇರೇನೋ ಬಂತು. ತಣ್ಣಗೆ, ದಪ್ಪಗೆ, ಹೆಪ್ಪುಹೆಪ್ಪಾಗಿ, ಗಂಟಲವರೆಗೂ ಬಂತು. ಸಮುದ್ರಮಟ್ಟದಿಂದ ಇಷ್ಟು ಮೇಲಿರುವ ಚಿಂತಾಮಣಿಯ ನಡುಮನೆಯಲ್ಲಿ, ಕುರ್ಚಿಯ ಮೇಲೆ ಕೂತು, ನಾನು ಮುಳುಗಿದೆ. ಮಿಕ್ಕಿದ್ದು ಮಧುಸೂದನರ ಬಿಳಿ ಪ್ಯಾಂಟಿನ ಮೇಲೆ ಹೋಯಿತು.

“ಅಯ್ಯೋ ದೇವುಡಾ!” ಎಂದು ರತ್ನಮ್ಮ ಓಡಿಬಂದಳು. “ಅದನ್ನ್ಯಾಕ್ರೀ ಬಾಯಿಗಿಟ್ಕೊಂಡ್ರಿ? ಹಸುಗೆ ಹಾಕೋದಲ್ವಾ?”

“ಏನಿದು? ಏನಿದು?” ಎಂದೆ. ಶಬ್ದ ಬಂದದ್ದು ಗುಳುಗುಳು ಎಂದು.

“ಹಾಲು ಕಣ್ರೀ! ನೆನ್ನೆ ಸಾಯಂಕಾಲ ಮಿಷನ್ ಪೈಪು ಒಡೆದೋಯ್ತು. ನೀವು ಈ ರೇಷ್ಮೆ ತರಕ್ಕೆ ಶಿಡ್ಲಘಟ್ಟಕ್ಕೆ ಹೋಗಿದ್ರಿ, ಫೋನ್ ಎತ್ತಲಿಲ್ಲ. ಹಾಲು ಕರೆಯೋ ಪೈಪು ಅಂತ ನೀವೇ ಹೇಳಿದ್ರಲ್ಲ, ಎರಡೂ ಬಿಚ್ಚಿ ಹಾಕ್ದೆ. ಏನ್ ಚೆನ್ನಾಗಿ ಎಳೀತು ಅಂತೀರಾ! ತಿರ್ಗ ಜೋಡಿಸೋವಾಗ ಬಿಗಿ ಇತ್ತು, ಅದಕ್ಕೇ ತುದೀಗೆ ಒಂಚೂರು ಬೆಣ್ಣೆ ಸವರ್ದೆ. ಮೇಲೆಲ್ಲಾ ತೊಳ್ದು, ಒರಸಿ ಇಟ್ಟಿದ್ನಲ್ಲ. ಆ ಉಂಗುರದೊಳಗೆ ನಿಂತ್ಕೊಂಬುಟ್ಟಿತ್ತೇನೋ.”

ಬೆಣ್ಣೆ ಎಂಬ ಮಾತು ಕೇಳಿ ಮಧುಸೂದನ್ ಕಣ್ಣು ಮುಚ್ಚಿಕೊಂಡರು. ಪ್ಯಾಂಟು ಒರೆಸಿಕೊಳ್ಳುತ್ತ, ನನ್ನನ್ನಲ್ಲ, ಅವಳನ್ನು ಕೇಳಿದರು.

“ಹಾಲಿನ ಫ್ಯಾಟು ಎಷ್ಟಮ್ಮಾ?”

“ಡೇರೀಲಿ ನಾಲ್ಕೂವರೆ ತೋರಿಸ್ತಿದೆ ಸಾರ್! ಸುಮ್ನೆ ಅಲ್ಲ.”

“ತುಪ್ಪ ಮಾಡ್ತೀರಾ?”

ಬುದ್ಧಿ ಇರುವ ಆ ಮನುಷ್ಯ ನಮ್ಮ ಮನೆಯಿಂದ ಎರಡು ಡಬ್ಬ ತುಪ್ಪ ಕೊಂಡುಕೊಂಡು ಹೋದರು. ಗಾಜಿನ ಬೀರು ಖಾಲಿಯೇ ಉಳಿಯಿತು. ಹೋಗುವಾಗ ನನ್ನ ಬೆನ್ನು ತಟ್ಟಿದರು, ಹಸುವನ್ನು ಸಮಾಧಾನ ಮಾಡುವವರಂತೆ.

ಯುಗಾದಿಯ ಬೆಳಿಗ್ಗೆಯೇ ತಕ್ಕಡಿ ಗಾಡಿ ಬಂತು. ಗೇಜು ಹೋಯಿತು, ವಾಲ್ವು ಹೋಯಿತು, ನನ್ನ ಇಡೀ ಸಂಗ್ರಹ ಕಣ್ಣೆದುರೇ ಗಾಡಿ ಏರಿತು. ಕೊನೆಗೆ ಮೂಲೆಯಲ್ಲಿ ರೆಗ್ಯುಲೇಟರು ಒಂದೇ ಉಳಿಯಿತು. ನಾನೇ ಎತ್ತಿ ಗಾಡಿಗೆ ಹಾಕಲು ಹೋದೆ. ರತ್ನಮ್ಮ ಅಡ್ಡ ಬಂದು ಕಿತ್ತುಕೊಂಡು, ಸೆರಗಿನಿಂದ ಒರೆಸಿ, ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದಳು.

“ಇದು ಇರ್ಲಿ. ಇಷ್ಟು ವರ್ಷದಲ್ಲಿ ನೀವು ತಂದ ಸಾಮಾನಲ್ಲಿ, ನೀವು ಹೇಳಿದ ಕೆಲ್ಸ ಮಾಡಿದ್ದು ಇದೊಂದೇ.”