ಕಾಜುವಿನ ಕಣ್ಣಿನ ಮದ್ದು

ಡೊಂಬಿವಲಿ ಸ್ಟೇಷನ್ ಎದುರಿನ ಮೆಡಿಕಲ್‌ನವನು ಅಷ್ಟು ಜೋರಾಗಿ ಕೇಳದಿದ್ದರೆ ಪಂಕಜಾ ಸುಳ್ಳು ಹೇಳುತ್ತಿರಲಿಲ್ಲ.

"ಪೇಶಂಟ್ ಕೌನ್ ಹೈ, ಮೇಡಂ?"

ಪೇಶಂಟ್ ಅವಳ ಬೆಕ್ಕು ಕಾಜು. ಕಣ್ಣೊಳಗಿನ ಒತ್ತಡ ಏರಿ ಅದರ ಒಂದು ಕಣ್ಣು ಹೋಗಿತ್ತು. ಇನ್ನೊಂದು ಉಳಿಯಬೇಕಾದರೆ ಹೊತ್ತು ತಪ್ಪದೆ ಹನಿ ಬೀಳಬೇಕೆಂದು ಪ್ರಾಣಿವೈದ್ಯರು ಮನುಷ್ಯರ ಮದ್ದನ್ನೇ ಬರೆದುಕೊಟ್ಟಿದ್ದರು. ಆದರೆ ಅವಳ ಹೌಸಿಂಗ್ ಸೊಸೈಟಿಯಲ್ಲಿ ಬಾಡಿಗೆಯವರು ಪ್ರಾಣಿ ಸಾಕುವಂತಿಲ್ಲ. ಸೊಸೈಟಿಯ ಸೆಕ್ರೆಟರಿ ಗುಣಪಾಲ ಕೆಮ್ಮಿನ ಔಷಧಿ ಹಿಡಿದು ಪಕ್ಕದಲ್ಲೇ ನಿಂತಿದ್ದರು.

"ನಾನೇ," ಎಂದಳು ಪಂಕಜಾ.

ಅಂಗಡಿಯಲ್ಲಿ ಉಳಿದಿದ್ದ ಒಂದೇ ಬಾಟಲಿ ಅದು. ಅವಳು ತರಕಾರಿ ಕೊಂಡು ಬರುವಷ್ಟರಲ್ಲಿ ಸುದ್ದಿ ಲಿಫ್ಟ್ ಹತ್ತಿತ್ತು. ಬೆಲ್ ಸದ್ದಿಗೆ ಕಾಜುವನ್ನು ಬಾತ್‌ರೂಮಿಗೆ ದೂಡಿ ಬಾಗಿಲು ತೆಗೆದರೆ, ಗುಣಪಾಲ ಮತ್ತು ಅವರ ಹೆಂಡತಿ ರತ್ನಾವತಿ.

"ಎಂತ ಮಾರಾಯ್ತಿ, ಕಣ್ಣಿಗೆ ಇಷ್ಟು ದೊಡ್ಡ ಕಾಯಿಲೆ, ಒಂದು ಮಾತು ಹೇಳ್ಲಿಕ್ಕಾಗ್ಲಿಲ್ವಾ? ಮಲಗು, ನಾನು ಹಾಕ್ತೇನೆ."

"ಬೇಡಕ್ಕ, ನಾನೇ ಹಾಕ್ಕೊಳ್ತೀನಿ."

"ಸುಮ್ನಿರು. ನಮ್ಮ ಅತ್ತೆಗೆ ನಾನೇ ಹಾಕ್ತಾ ಇದ್ದದ್ದು."

ಬಾಣಲೆಗೆ ಎಣ್ಣೆ ಹೊಯ್ದು ಪಳಗಿದ ಕೈ ಅದು. ಪಂಕಜಾಳ ಕಣ್ಣು, ಕಿವಿ, ಕುತ್ತಿಗೆ ಎಲ್ಲ ತೊಯ್ದವು. ಬಾತ್‌ರೂಮಿನಿಂದ "ಮ್ಯಾಂವ್" ಎಂದಿತು. ಪಂಕಜಾ ಗಟ್ಟಿಯಾಗಿ ಕೆಮ್ಮಿದಳು. ಮತ್ತೆ "ಮ್ಯಾಂವ್", ಮತ್ತೆ ಕೆಮ್ಮು.

"ಕೆಮ್ಮೂ ಉಂಟಾ?" ಗುಣಪಾಲ ತಮ್ಮ ಔಷಧಿಯನ್ನೇ ಕುಡಿಸಿದರು.

ರತ್ನಾವತಿ ಇನ್ನೊಂದು ಕಣ್ಣಿಗೆ ಬಾಟಲಿ ಹಿಂಡಿದಾಗ ತಳದಲ್ಲಿ ಉಳಿದದ್ದು ಬರಿ ಪಸೆ. ಪಂಕಜಾ ಚಿಮ್ಮಿ ಎದ್ದಳು.

"ಸಾಕಕ್ಕ! ಅದು ನನಗಲ್ಲ, ಬೆಕ್ಕಿಗೆ!"

ಬಾತ್‌ರೂಮಿನ ಬಾಗಿಲು ತೆರೆದಳು. ಕಾಜು ಹೊರಬಂದು, ಹಳೆಯ ನೆಂಟನಂತೆ ಗುಣಪಾಲರ ಕಾಲಿಗೆ ಮೈ ಉಜ್ಜಿತು. ಅವರು ಗಡಬಡಿಸಿ ಗೋಡೆಯ ಕಡೆ ತಿರುಗಿದರು.

"ಅಯ್ಯೋ, ಬಾಗಿಲು ಯಾಕೆ ತೆಗೆದ್ರಿ?"

ರತ್ನಾವತಿ ಹಣೆ ಚಚ್ಚಿಕೊಂಡರು. "ಕಾಜು ಇರೂದು ಇಡೀ ಬಿಲ್ಡಿಂಗಿಗೆ ಗೊತ್ತುಂಟು ಮಾರಾಯ್ತಿ. ನಿನ್ನ ಕಿಟಕಿಯಲ್ಲಿ ಬಂಗುಡೆ ಮೀನಿನ ತಲೆ ಇಡೂದು ಕಾಗೆ ಅಂತ ಮಾಡಿದ್ಯಾ? ಯಾರು ಕಂಪ್ಲೇಂಟ್ ತಂದ್ರೂ ಇವರು, ‘ನಾನಂತೂ ಕಣ್ಣಾರೆ ನೋಡಿಲ್ಲ’ ಅಂತ ವಾಪಸ್ ಕಳಿಸ್ತಿದ್ರು."

"ಈಗ ನೋಡಿಯಾಯ್ತಲ್ಲ," ಗುಣಪಾಲ ಗೋಡೆಗೇ ಹೇಳಿದರು. "ಭಾನುವಾರ ಮೀಟಿಂಗಲ್ಲಿ ಕೇಳ್ತಾರೆ. ನಂಗೆ ಸುಳ್ಳು ಹೇಳ್ಲಿಕ್ಕೆ ಬರೂದಿಲ್ಲ."

ಮೊದಲೇ ನಿಜ ಪಿಸುಗುಟ್ಟಿದ್ದರೆ ಮದ್ದಾದರೂ ಉಳಿಯುತ್ತಿತ್ತು. ಪಂಕಜಾ ಕಾಜುವನ್ನು ಮಡಿಲಿಗೆ ಎಳೆದುಕೊಂಡು, ಬಾಟಲಿಯನ್ನು ಪೂರ್ತಿ ಹಿಂಡಿದಳು. ಅವಳ ಕಣ್ಣೇ ಮಂಜಾಗಿತ್ತು. ಕೊನೆಯ ಹನಿ ಎಲ್ಲಿ ಬಿತ್ತೋ, ಕಾಣಲಿಲ್ಲ.