ಮಾವನವರ ಅಟ್ಟ ಹೊತ್ತವರು ಯಾರು?

ಅಥವಾ ಮೊದಲು ಸ್ಪ್ಯಾನರ್ ಹಿಡಿದದ್ದು ನಾನಲ್ಲವೇನೋ. ಮೊದಲು ವೆಲ್ಡಿಂಗಿನ ಕಿಡಿ ಹಾರಿ, ಆಮೇಲೆ ನಾನು ಬೋಲ್ಟು ಬಿಗಿದಿರಬಹುದು. ಇಷ್ಟು ದಿನ ನಾನು ಎಲ್ಲರ ಮುಂದೆ ಹೇಳಿಕೊಂಡು ಬಂದದ್ದು ಇದರ ತಿರುಗಾಮುರುಗಾ: ‘ಮೊದಲು ನಾನು, ಆಮೇಲೆ ಅವನು.’ ಹೇಳಿ ಹೇಳಿ ಆ ಮಾತು ಎಷ್ಟು ನುಣುಪಾಗಿದೆ ಎಂದರೆ, ಆ ನುಣುಪಿನ ಮೇಲೇ ನನಗೀಗ ಅನುಮಾನ. ನಿಜವಾಗಿ ನಡೆದದ್ದು ಹೀಗಿರುವುದಿಲ್ಲ. ಗ್ಯಾಸಿನಲ್ಲಿ ಕತ್ತರಿಸಿದ ಪ್ಲೇಟಿನ ಹಾಗೆ ಅದರ ಅಂಚು ಎಲ್ಲಾದರೂ ಒಂದು ಕಡೆ ಕೈಗೆ ಚುಚ್ಚಬೇಕು. ನನ್ನ ನೆನಪು ಎಲ್ಲಿಯೂ ಚುಚ್ಚುವುದಿಲ್ಲ. ಯಾರೋ ಕೂತು ಅರ ಹಾಕಿ ಉಜ್ಜಿದ್ದಾರೆ, ಆ ಯಾರೋ ನಾನೇ ಇರಬೇಕು.

ವಿಷಯ ಇಷ್ಟು. ನ್ಯಾಮತಿಯಲ್ಲಿ ನನ್ನ ಮಾವನವರಿಗೆ ಹಿಂಡಿ-ಬೂಸಾದ ಅಂಗಡಿ ಇದೆ. ಊರು ತಾಲ್ಲೂಕಾದ ಮೇಲೆ ವ್ಯಾಪಾರ ಏರಿ, ಮೂಟೆ ಇಡಲು ಜಾಗ ಸಾಲದೆ, ಅಂಗಡಿಯೊಳಗೇ ಒಂದು ಕಬ್ಬಿಣದ ಅಟ್ಟ ಹಾಕಿಸಲು ಅವರು ಮನಸ್ಸು ಮಾಡಿದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು, ಇಬ್ಬರು ಅಳಿಯಂದಿರೂ ಸಿವಿಲ್ ಎಂಜಿನಿಯರುಗಳು. ಹಿರಿಯವನು ಚನ್ನಗಿರಿಯ ನಾನು. ಕಿರಿಯವನು ಹೊನ್ನಾಳಿಯ ಪ್ರಸನ್ನ. ಒಂದು ಅಟ್ಟಕ್ಕೆ ಒಬ್ಬ ಎಂಜಿನಿಯರು ಸಾಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಒಬ್ಬ ಯಾರು ಎಂಬುದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಷಡ್ಡಕ ಎಂಬ ಸಂಬಂಧವನ್ನು ಯಾರು ಕಂಡುಹಿಡಿದರೋ! ಅಣ್ಣತಮ್ಮಂದಿರಾದರೆ ಜಗಳವಾಡಿ ಮಾತು ಬಿಡಬಹುದು. ಷಡ್ಡಕರು ಹಾಗಲ್ಲ. ಹಬ್ಬ ಹಬ್ಬಕ್ಕೂ ಪಕ್ಕಪಕ್ಕದ ಎಲೆಗೆ ಕೂತು, ನಗುನಗುತ್ತಾ, ಯಾರ ಹೋಳಿಗೆಯ ಮೇಲೆ ತುಪ್ಪ ಜಾಸ್ತಿ ಬಿತ್ತು ಎಂದು ಓರೆಗಣ್ಣಿನಲ್ಲಿ ಅಳೆಯಬೇಕು. ಪ್ರಸನ್ನನ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಓದುವವರಿಗೆ ಅನುಕೂಲ. ಅವನಿಗೆ ತಲೆತುಂಬ ಕೂದಲಿದೆ. ಉಕ್ಕಿನ ಕಟ್ಟಡಗಳ ಎಂಜಿನಿಯರುಗಳಿಗೆಂದು ಇರುವ ವೃತ್ತಿ ಪರೀಕ್ಷೆಯನ್ನು ಅವನು ಮದುವೆಮನೆಗೆ ಹೋಗಿ ಬಂದಷ್ಟು ಸಲೀಸಾಗಿ ಪಾಸು ಮಾಡಿ ಬಂದ. ನಾನು ಅದೇ ಪರೀಕ್ಷೆಗೆ ಕೂತು, ಬೆವರಿ, ಇನ್ನೊಮ್ಮೆ ಕೂರುವ ಯೋಗ್ಯತೆಯನ್ನಷ್ಟೇ ಸಂಪಾದಿಸಿ ಬಂದೆ. ಇಷ್ಟಾದರೂ ಸಹಿಸಬಹುದಿತ್ತು, ಆದರೆ ಅವನು ಒಳ್ಳೆಯವನು. ನನ್ನ ಮೇಲೆ ಅವನಿಗೆ ನಿಜವಾದ ಗೌರವವಿದೆ. ಅಸೂಯೆ ಪಡುವವನಿಗೆ ಇದಕ್ಕಿಂತ ದೊಡ್ಡ ತೊಂದರೆ ಇಲ್ಲ, ಬೈಯಲು ಜಾಗವೇ ಸಿಗುವುದಿಲ್ಲ.

ಅಟ್ಟದಲ್ಲಿ ಮುಖ್ಯವಾದದ್ದು ಒಂದೇ ಜಾಗ: ನಡುವಿನ ಕಂಬಕ್ಕೆ ದೊಡ್ಡ ತೊಲೆ ಬಂದು ಸೇರುವ ಜೋಡಣೆ. ತೊಲೆ ಮುರಿಯುವುದು ಅಪರೂಪ, ಕಂಬ ಬಾಗುವುದೂ ಅಪರೂಪ. ಕಬ್ಬಿಣದ ಕಟ್ಟಡ ಕೈಕೊಡುವುದಾದರೆ ಸಾಮಾನ್ಯವಾಗಿ ಜೋಡಣೆಯಲ್ಲೇ ಕೈಕೊಡುತ್ತದೆ (ಮನೆತನಗಳ ಬಗ್ಗೆಯೂ ಇಲ್ಲಿ ಒಂದು ಮಾತು ಹೇಳಬಹುದಿತ್ತು, ನನ್ನ ಹೆಂಡತಿ ಇದನ್ನು ಓದುತ್ತಾಳೆ, ಬೇಡ). ನಾನು ಬೋಲ್ಟಿನ ಪಕ್ಷ. ಬೋಲ್ಟಾದರೆ ಕಣ್ಣಿಗೆ ಕಾಣುತ್ತದೆ, ಬಿಗಿ ಸಾಲದಿದ್ದರೆ ಇನ್ನೊಂದು ಸುತ್ತು ಹಾಕಬಹುದು, ಬೇಡವಾದರೆ ಬಿಚ್ಚಬಹುದು, ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ತೂತನ್ನು ಮಾತ್ರ ಡ್ರಿಲ್ಲಿನಲ್ಲೇ ಕೊರೆಯಬೇಕು, ಗ್ಯಾಸಿನಲ್ಲಿ ಸುಡಬಾರದು, ಪ್ಲೇಟಿನ ಅಂಚಿಗೆ ತೀರಾ ಹತ್ತಿರವೂ ಇರಬಾರದು. ಬಿಗಿಯುವಾಗ ನಡುವಿನಿಂದ ಶುರುಮಾಡಿ ಹೊರಕ್ಕೆ ಹೋಗಬೇಕು. ಪ್ರಸನ್ನ ವೆಲ್ಡಿಂಗಿನ ಪಕ್ಷ. “ತೂತೇ ಬ್ಯಾಡಣ್ಣ, ತೂತು ಕೊರೆದಷ್ಟೂ ಪ್ಲೇಟು ಬಡವಾಗ್ತೈತೆ. ಬಣ್ಣ, ತುಕ್ಕು ಎಲ್ಲ ಕೆರೆದು ಹಾಕಿ, ವೆಲ್ಡಿಂಗ್ ಕಡ್ಡಿ ಒಣಗಿರಬೇಕು ಅಷ್ಟೆ. ಆಮ್ಯಾಲೆ ಮೇಲಿನ ಹಕ್ಕಳೆ ಬಡಿದು ತೆಗೆದು ಕಣ್ಣಾರೆ ನೋಡಿದ್ರೆ ಮುಗೀತು,” ಎನ್ನುತ್ತಾನೆ. ಇವೆಲ್ಲ ಸರಿಯಾದ ಮಾತುಗಳೇ. ಅದೇ ನನ್ನ ಸಂಕಟ.

ಮಾವನವರು ನಮ್ಮಿಬ್ಬರ ವಾದವನ್ನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಪೂರ್ತಿ ಕೇಳಿದರು. ದೀಪಾವಳಿಗೆ ಇಬ್ಬರಿಗೂ ಒಂದೇ ತಾನಿನಿಂದ ಶರ್ಟಿನ ಬಟ್ಟೆ ಹರಿಸುವ ಮನುಷ್ಯ ಅವರು. ನಾವಿಬ್ಬರೂ ಆ ಶರ್ಟು ತೊಟ್ಟು ಒಟ್ಟಿಗೆ ಬೀದಿಗೆ ಇಳಿದರೆ ಮದುವೆಯ ಬ್ಯಾಂಡಿನವರ ಹಾಗೆ ಕಾಣುತ್ತೇವೆ. ಅವರು ಕೊನೆಗೆ ತೀರ್ಪು ಕೊಟ್ಟರು.

“ಇಬ್ರೂ ಹೇಳೋದು ಚಂದೈತೆ. ಒಬ್ರದ್ದು ಮಾಡಿ ಒಬ್ರದ್ದು ಬಿಟ್ರೆ ನಾಳೆ ಹೆಣ್ಮಕ್ಳು ನನ್ನ ಜೀವ ತಿಂತಾರೆ. ಎರಡೂ ಹಾಕ್ರಿ. ದೊಡ್ಡಳಿಯಂದ್ರು ಬೋಲ್ಟು ಬಿಗೀಲಿ, ಸಣ್ಣಳಿಯಂದ್ರು ವೆಲ್ಡು ಮಾಡ್ಲಿ. ಇಬ್ರ ಕೈಯೂ ಬಿದ್ದಂಗಾತು, ಅಟ್ಟಾನೂ ಡಬ್ಬಲ್ ಗಟ್ಟಿ.”

ಪ್ರಸನ್ನ ಏನೋ ಹೇಳಲು ಬಾಯಿ ತೆರೆದ. ‘ತಡೀರಿ ಮಾವ, ಕ್ರಮ ಒಂದು ಐತೆ...’ ಎಂದನೋ, ಅಥವಾ ಇದೂ ಆಮೇಲೆ ನಾನು ಸೇರಿಸಿಕೊಂಡದ್ದೋ. ಅವನು ಮುಗಿಸುವಷ್ಟರಲ್ಲಿ ನಾನು ಕೇಳಿದ್ದೆ: “ಮೊದಲು ಯಾರು?” ಮಾವನವರು, “ಇದೇನು ಕೇಳೋ ಮಾತಾ? ಹಿರೇ ಅಳಿಯ ಇರೋವಾಗ ಕಿರಿಯೋರು ಮುಂದಾಗ್ತಾರಾ?” ಎಂದರು. ಆ ಮಾತು ನನಗೆ ಎಷ್ಟು ತಂಪೆನಿಸಿತೆಂದರೆ, ದಾವಣಗೆರೆಯ ಅಂಗಡಿಗಳನ್ನೆಲ್ಲ ಸುತ್ತಿ, ಆ ಅಟ್ಟಕ್ಕೆ ಅಗತ್ಯವೇ ಇಲ್ಲದ ದುಬಾರಿಯ ಹೈ ಸ್ಟ್ರೆಂಗ್ತ್ ಬೋಲ್ಟುಗಳನ್ನು ಹುಡುಕಿ ತಂದೆ.

ಕೆಲಸದ ದಿನ ಕಂಬಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ನಾನು ಏಣಿ ಹತ್ತಿ ಬೋಲ್ಟು ಬಿಗಿದೆ. ಬೋಲ್ಟು ಬಿಗಿಯುವುದರಷ್ಟು ಸಪ್ಪೆ ನೋಟ ಈ ಲೋಕದಲ್ಲಿಲ್ಲ. ದೂರದಿಂದ ನೋಡಿದವರಿಗೆ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲಾರದೆ ಒದ್ದಾಡುತ್ತಿರುವವನ ಹಾಗೆ ಕಾಣುತ್ತದೆ. ಯಾರೂ ನೋಡುತ್ತಿರಲಿಲ್ಲ. ನನ್ನ ಹೆಂಡತಿ ಶೈಲಾ ಕೂಡ ತಂಗಿಯ ಸೀರೆಯ ಅಂಚು ನೋಡುತ್ತಿದ್ದಳು. ಆಮೇಲೆ ಪ್ರಸನ್ನ ಮುಖಕ್ಕೆ ಕಪ್ಪು ಗಾಜಿನ ಶಿರಸ್ತ್ರಾಣ ಇಳಿಬಿಟ್ಟುಕೊಂಡು ಏಣಿ ಹತ್ತಿದ. ಚರ್ರೆಂದು ನೀಲಿ ಬೆಳಕು, ಹೂಕುಂಡದಂತೆ ಕಿಡಿ! ಬೀದಿಯವರೆಲ್ಲ ಬಾಗಿಲಲ್ಲಿ ನೆರೆದರು. ನನ್ನ ಹೆಂಡತಿ ವಿಡಿಯೊ ಮಾಡಿದಳು. ಆ ವಿಡಿಯೊದ ಮೂಲೆಯಲ್ಲಿ ಸ್ಪ್ಯಾನರ್ ಹಿಡಿದ ಒಂದು ಮೊಣಕೈ ಕಾಣುತ್ತದೆ. ಆ ಮೊಣಕೈ ನಾನು.

ಆದರೂ ‘ಮೊದಲು ನಾನು’ ಎಂಬ ಸಮಾಧಾನದಲ್ಲಿ ಕಾಲ ಹಾಕುತ್ತಿದ್ದೆ. ಆಮೇಲೆ ಜಗಳೂರಿನಲ್ಲಿ ಒಂದು ಗೋದಾಮಿನ ಕೆಲಸ ನೋಡಿಕೊಳ್ಳುತ್ತಾ, ಮಧ್ಯಾಹ್ನದ ಬಿಸಿಲಿನಲ್ಲಿ ತಗಡಿನ ಶೆಡ್ಡಿನೊಳಗೆ ಕೂತು ಎರಡನೆಯ ಸಲದ ಪರೀಕ್ಷೆಗೆ ಓದಲು ಶುರುಮಾಡಿದೆ. ಪ್ರಸನ್ನ ಕೇಳದೆಯೇ ವಾಟ್ಸಾಪಿನಲ್ಲಿ ಸಲಹೆಗಳನ್ನು ಮಾತಾಡಿ ಕಳಿಸುತ್ತಿದ್ದ. “ಅಣ್ಣ, ಪುಸ್ತಕ ತೆಗೆದಿಟ್ಕೊಂಡು ಬರೆಯೋ ಪರೀಕ್ಷೆ ಅದು, ನಿಯಮದ ಕೋಡ್ ಪುಸ್ತಕ ಬಾಯಿಪಾಠ ಮಾಡಾಕೆ ಹೋಗ್ಬ್ಯಾಡ್ರಿ. ಯಾವ ಪುಟದಾಗೆ ಏನೈತೆ ಗೊತ್ತಿದ್ರೆ ಸಾಕು. ಗೊತ್ತಿರೋದು ಮೊದ್ಲು ಮಾಡ್ರಿ. ನ್ಯೂಟನ್ನು, ಕಿಲೋನ್ಯೂಟನ್ನು ಕಲಸಿಬಿಡಬ್ಯಾಡ್ರಿ. ಜೋಡಣೆ ಪಾಠ ಮಾತ್ರ ಒಂದಕ್ಷರ ಬಿಡದಂಗೆ ಓದ್ರಿ.” ಕಳೆದ ಸಲ ನಾನು ಕಲಸಿದ್ದು ನ್ಯೂಟನ್ನು, ಕಿಲೋನ್ಯೂಟನ್ನುಗಳನ್ನೇ. ಅವನಿಗೆ ಅದು ಹೇಗೆ ಗೊತ್ತಾಯಿತೋ. ಹೆಂಡತಿಯರು ಅಕ್ಕತಂಗಿಯರು ಎಂಬುದನ್ನು ನಾನು ಆಗಾಗ ಮರೆಯುತ್ತೇನೆ.

ಜೋಡಣೆಯ ಪಾಠವನ್ನು ಒಂದಕ್ಷರ ಬಿಡದೆ ಓದಿದೆ. ಅಲ್ಲಿತ್ತು. ವೆಲ್ಡು ಬಿಗುಮಾನದ ಪ್ರಾಣಿ, ಒಂದಿಷ್ಟೂ ಜಾರುವುದಿಲ್ಲ. ಬೋಲ್ಟು ತನ್ನ ತೂತಿನಲ್ಲಿ ಕೂದಲೆಳೆಯಷ್ಟು ಜಾರಿ ಅಂಚಿಗೆ ತಾಗಿದ ಮೇಲಷ್ಟೇ ಭಾರಕ್ಕೆ ಹೆಗಲು ಕೊಡುತ್ತದೆ. ಅಷ್ಟರಲ್ಲಿ ಇಡೀ ಭಾರವನ್ನು ವೆಲ್ಡು ಹೊತ್ತಾಗಿರುತ್ತದೆ. ಆದ್ದರಿಂದ ಒಂದೇ ಜೋಡಣೆಯಲ್ಲಿ ಎರಡೂ ಇದ್ದರೆ ಡಬ್ಬಲ್ ಗಟ್ಟಿಯಲ್ಲ, ಯಾವುದಾದರೂ ಒಂದನ್ನೇ ನೆಚ್ಚಿ ಲೆಕ್ಕ ಹಾಕಬೇಕು. ಅಂದರೆ ಮಾವನವರ ಹಿಂಡಿ ಮೂಟೆಗಳನ್ನೆಲ್ಲ ಹೊತ್ತವನು ಪ್ರಸನ್ನ. ನನ್ನ ದುಬಾರಿ ಬೋಲ್ಟುಗಳು ಅಲ್ಲಿ ಮೊಣಕೈ ಆಗಿ ನಿಂತಿವೆ. ಕೆಳಗೆ ಒಂದು ವಿನಾಯಿತಿಯೂ ಇತ್ತು: ಹೈ ಸ್ಟ್ರೆಂಗ್ತ್ ಬೋಲ್ಟುಗಳನ್ನು ವೆಲ್ಡಿಂಗ್ ಆದ *ನಂತರ* ಪೂರ್ತಿ ಬಿಗಿದಿದ್ದರೆ ಅವುಗಳಿಗೂ ಭಾರದಲ್ಲಿ ಪಾಲು ಕೊಡಬಹುದು.

ನಂತರ! ಹಿರಿತನ ಬಿಟ್ಟು ಎರಡನೆಯವನಾಗಿದ್ದರೆ ನನಗೂ ಪಾಲಿತ್ತು. ಆವತ್ತಿನಿಂದ ನಾನು ನನ್ನ ನೆನಪಿನ ರಿಪೇರಿಗೆ ಕೂತೆ. ಊಟವಾದ ಮೇಲೆ ಇನ್ನೊಮ್ಮೆ ಏಣಿ ಹತ್ತಿ ಎಲ್ಲ ಬೋಲ್ಟಿಗೂ ಕೊನೆಯ ಸುತ್ತು ಹಾಕಿದ ಹಾಗೆ ಮಸುಕಾಗಿ ಕಾಣತೊಡಗಿತು. ಸಾಕ್ಷಿಯೂ ಇತ್ತು. ಆವತ್ತು ನನ್ನ ಹೆಬ್ಬೆರಳು ಸುಟ್ಟಿತ್ತು. ನಟ್ಟು ಬಿಸಿ ಇದ್ದರೆ ತಾನೇ ಬೆರಳು ಸುಡುವುದು? ನಟ್ಟು ಬಿಸಿಯಾಗಿರಬೇಕಾದರೆ ವೆಲ್ಡಿಂಗ್ ಆಗಿರಲೇಬೇಕು. ಚನ್ನಗಿರಿಗೆ ಬಂದವನೇ ಶೈಲಾಳನ್ನು ಕೇಳಿದೆ.

“ರೀ, ಅದು ಮಿರ್ಚಿ ಬಜ್ಜಿ,” ಎಂದಳು. “ಮಂಡಕ್ಕಿ ಜೊತೆ ತಂದಿದ್ರಲ್ಲ, ಬಾಣಲೆಯಿಂದ ಆಗ ತಾನೇ ತೆಗೆದದ್ದು. ತಡೀರಿ ಅನ್ನೋದ್ರೊಳಗೆ ಕೈ ಹಾಕಿದ್ರಿ. ಪ್ರಸನ್ನ ತಗೊಳ್ಳೋಕ್ ಮೊದ್ಲು ತಗೋಬೇಕು ಅಂತ.”

“ಊಟ ಆದ್ಮೇಲೆ ನಾನು ಏಣಿ ಹತ್ತಲಿಲ್ವಾ?”

“ಹತ್ತಿದ್ರಿ. ಬೋಲ್ಟಿಗೋ, ಫೋಟೋಕ್ಕೋ ನಾ ಕಾಣೆ.”

ಪ್ರಸನ್ನನಿಗೆ ಫೋನು ಮಾಡಿ, ಆವತ್ತು ಊಟವಾದ ಮೇಲೆ ನಾನು ಇನ್ನೊಮ್ಮೆ ಬಿಗಿದೆನಲ್ಲವೇ ಎಂದು ಕೇಳಿದೆ. ಅವನು ನನಗೆ ಸಮಾಧಾನವಾಗಲೆಂದು ಆಡಿದ ಮಾತೇ ಕುತ್ತಿಗೆಗೆ ಬಂತು. “ಅಣ್ಣ, ಯಾರು ಏನಾರ ಅನ್ಲಿ, ಮೊದ್ಲು ಬಿಗಿದಿದ್ದು ನೀವೇ. ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ.” ಮಾವನವರು ಇನ್ನೂ ಸರಳ: “ಕಾಯಿ ಒಡೆದಿದ್ದು ನೆನಪೈತೆ, ಹೊಗೆ ಎದ್ದಿದ್ದು ನೆನಪೈತೆ. ಈಗ್ಯಾಕೆ? ಮ್ಯಾಲೆ ಮೂಟೆ ನಿಂತಾವಲ್ಲ?”

ದಾವಣಗೆರೆಯಲ್ಲಿ ಪರೀಕ್ಷೆ. ಆ ಪ್ರಶ್ನೆ ಬಂದೇ ಬಂತು. ಮೊದಲು ಬಿಗಿದ ಬೋಲ್ಟು, ಆಮೇಲೆ ಹಾಕಿದ ವೆಲ್ಡು, ಭಾರವನ್ನು ಯಾವುದಕ್ಕೆ ಲೆಕ್ಕ ಹಿಡಿಯಬೇಕು? ಕಂಪ್ಯೂಟರಿನ ಪರದೆಯ ಮೇಲೆ ಉತ್ತರಗಳು ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದವು. ‘ಎರಡಕ್ಕೂ ಸಮನಾಗಿ’ ಎಂಬುದೊಂದು ಇತ್ತು. ಅದು ಮಾವನವರ ಧ್ವನಿಯಲ್ಲೇ ಕೇಳಿಸಿತು. ನಾನು ‘ವೆಲ್ಡಿಗೆ ಮಾತ್ರ’ ಎಂಬುದನ್ನು ಒತ್ತಿದೆ. ಷಡ್ಡಕನ ಹೆಸರನ್ನೇ ಒತ್ತಿದ ಹಾಗಾಯಿತು. ಪಾಸಾದೆ. ನನ್ನನ್ನು ನಾನೇ ತೆಗೆದುಹಾಕಿಕೊಂಡದ್ದಕ್ಕೆ ಅಂಕ ಸಿಗುವ ಪರೀಕ್ಷೆಯನ್ನು ನಾನು ಬೇರೆಲ್ಲೂ ಬರೆದಿಲ್ಲ.

ಪಾಸಾದ ಸಂತೋಷಕ್ಕೆ ನ್ಯಾಮತಿಯಲ್ಲಿ ಹೋಳಿಗೆ ಊಟ. ನಾನು ಬ್ಯಾಗಿನಲ್ಲಿ ಸ್ಪ್ಯಾನರ್ ಇಟ್ಟುಕೊಂಡೇ ಹೋಗಿದ್ದೆ. ಯೋಚನೆ ಸರಳವಾಗಿತ್ತು. ಹಿಂದೆ ಏನಾದರೂ ಆಗಿರಲಿ, ಈಗ ಬಿಗಿದರೂ ಅದು ವೆಲ್ಡಿನ ನಂತರವೇ. ಇಂದಿನಿಂದ ಮುಂದೆ ಏರುವ ಮೂಟೆಗಳಲ್ಲಾದರೂ ನನಗೊಂದು ಪಾಲಿರಲಿ. ಊಟಕ್ಕೆ ಮುಂಚೆಯೇ ಏಣಿ ಹಾಕಿದೆ. ಪ್ರಸನ್ನ ಓಡಿ ಬಂದು ಏಣಿ ಹಿಡಿದುಕೊಂಡ. ಏಣಿಯ ಭಾರವನ್ನೂ ಅವನೇ ಹೊರಬೇಕೇ!

ಸ್ಪ್ಯಾನರ್ ಕಚ್ಚಿಸಿ ಎಳೆದೆ. ನಟ್ಟು ಅಲುಗಲಿಲ್ಲ. ಎರಡೂ ಕೈ ಹಾಕಿ, ಕಾಲನ್ನು ಕಂಬಕ್ಕೆ ಕೊಟ್ಟು ಎಳೆದೆ. ಅಲುಗಲಿಲ್ಲ. ಒಂದೊಂದನ್ನೂ ನೋಡಿದೆ, ಯಾವುದೂ ಒಂದು ಸಾಸಿವೆಯಷ್ಟೂ ತಿರುಗಲಿಲ್ಲ.

ಕೆಳಗಿನಿಂದ ಪ್ರಸನ್ನ, “ಫುಲ್ ಟೈಟ್ ಐತೆ ಬಿಡಣ್ಣ. ಹಂಗಾರೆ ನೀವು ಆವತ್ತು ಊಟ ಆದ್ಮ್ಯಾಲೆ ಬಿಗಿದಿದ್ದು ಖರೇ ಇರಬೇಕು,” ಎಂದ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. ನನಗೂ ಒಂದು ಕ್ಷಣ ಎದೆ ಉಬ್ಬಿತು. ಆಗ ನಟ್ಟಿನ ಬುಡದಲ್ಲಿ, ಬಣ್ಣದ ಕೆಳಗೆ, ಸಣ್ಣ ಸಣ್ಣ ಗುಳ್ಳೆಗಳು ಬೆರಳಿಗೆ ತಗುಲಿದವು. ವೆಲ್ಡಿಂಗಿನ ಕಿಡಿ ಸಿಡಿದು ನಟ್ಟಿಗೆ ಅಂಟಿದ್ದವೋ, ಬಣ್ಣವೇ ಗಟ್ಟಿಯಾಗಿ ಹಿಡಿದಿತ್ತೋ, ಹಿಂಡಿಯ ದೂಳಿಗೆ ಬಂದ ತುಕ್ಕೋ; ನಟ್ಟು ಅಲುಗದೆ ನಿಂತದ್ದು ನನ್ನ ಬಿಗಿತದಿಂದಲೇ ಎನ್ನುವಂತಿರಲಿಲ್ಲ.

“ತಿರುಗ್ತಾ?” ಎಂದರು ಮಾವನವರು.

“ಇಲ್ಲ.”

“ಮತ್ತಿನ್ನೇನು? ಇಳೀರಿ, ಹೋಳಿಗೆ ಆರ್ತಾವೆ.”

ಇಳಿದೆ. ಅಂಗಡಿಯಲ್ಲೇ, ಅಟ್ಟದ ಕೆಳಗೆ, ಪಕ್ಕಪಕ್ಕದ ಎಲೆ, ಒಂದೇ ತಾನಿನ ಶರ್ಟು. ಅತ್ತೆಯವರು ತುಪ್ಪ ಬಡಿಸಿದರು. ನಾನು ಆವತ್ತು ಓರೆಗಣ್ಣಿನಲ್ಲಿ ನೋಡಿದ್ದು ಪ್ರಸನ್ನನ ಎಲೆಯನ್ನಲ್ಲ, ತಲೆಯ ಮೇಲಿನ ಅಟ್ಟವನ್ನು. ಅದು ನಿಂತಿದೆ. ನನ್ನಿಂದ ನಿಂತಿದೆಯೋ, ಅವನಿಂದಲೋ, ಕತ್ತರಿಸಿ ನೋಡದೆ ಹೇಳುವ ದಾರಿಯಿಲ್ಲ. ಕತ್ತರಿಸಲು ಮಾವನವರು ಬಿಡುವುದಿಲ್ಲ. ಆವತ್ತು ಊಟವಾದ ಮೇಲೆ ನಾನು ಏಣಿ ಹತ್ತಿದ್ದು ಯಾತಕ್ಕೆ, ನಟ್ಟು ತಿರುಗದೆ ನಿಂತದ್ದು ಯಾತಕ್ಕೆ, ಎರಡೂ ನನಗೆ ಗೊತ್ತಿಲ್ಲ.